ಅಲಂಕಾರಕ್ಕೆ ಮಾತ್ರ

"ಇದನ್ನ ಬರೆದವರು ಯಾರು?"

ಕೋಣೆಯಲ್ಲಿದ್ದ ಏಳು ಜನರೂ ಅವಳ ಕಡೆ ತಿರುಗಿದರು. ಕೇಳಿದವನೊಬ್ಬನೇ ತಿರುಗಲಿಲ್ಲ. ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಬೆರಳಿಟ್ಟು, ತಲೆಯನ್ನು ಸ್ವಲ್ಪ ಓರೆ ಮಾಡಿ, ಉತ್ತರ ಯಾವ ಕುರ್ಚಿಯಿಂದ ಬರುತ್ತದೆಂದು ಕಾಯುತ್ತಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

"ನಾನು," ಎಂದಳು ಅವಳು. ದನಿಯಲ್ಲಿ ಹೆಮ್ಮೆಯಿತ್ತು. ಯಾಕಿರಬಾರದು? ಆ ದೊಡ್ಡ ಆಸ್ಪತ್ರೆಯ ವೆಬ್‌ಸೈಟಿನ ಪ್ರತಿಯೊಂದು ಪುಟವನ್ನೂ ಆರು ವರ್ಷದಿಂದ ಬರೆಯುತ್ತಿದ್ದವಳು ಅವಳೇ. ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಅಕ್ಷರಮ್ಮ' ಎಂದು. ಯಾರು ನಿವೃತ್ತರಾದರೂ ಬೀಳ್ಕೊಡುಗೆಯ ಮಾತು ಅವಳ ಕೈಯಿಂದಲೇ ಆಗಬೇಕು.

"ಹಾಗಿದ್ರೆ ಮೊದಲನೇ ವಾಕ್ಯವನ್ನ ಒಂದೇ ಉಸಿರಿನಲ್ಲಿ ಓದ್ತೀರಾ ಮೇಡಂ?"

ಇದೇನು ಪರೀಕ್ಷೆ ಎಂದುಕೊಂಡೇ ಓದಲು ಶುರು ಮಾಡಿದಳು. "ದಶಕಗಳ ನಿಸ್ವಾರ್ಥ ಸೇವಾ ಪರಂಪರೆಯ ಭದ್ರ ಬುನಾದಿಯ ಮೇಲೆ ನಿಂತು, ಮಾನವೀಯ ಅನುಕಂಪದ ಅಮೃತಧಾರೆಯನ್ನು ಪ್ರತಿಯೊಬ್ಬ ರೋಗಿಯ ಬಾಳಿನಂಗಳಕ್ಕೂ ಹರಿಸುವ ಸತ್ಸಂಕಲ್ಪದೊಂದಿಗೆ..."

ಸತ್ಸಂಕಲ್ಪಕ್ಕೆ ಬರುವ ಹೊತ್ತಿಗೆ ಉಸಿರು ಮುಗಿದಿತ್ತು. ವಾಕ್ಯ ಇನ್ನೂ ಅರ್ಧ ಬಾಕಿ. ಯಾರೋ ನಗು ಮುಚ್ಚಿಕೊಳ್ಳಲು ಕೆಮ್ಮಿದರು.

ಅವನು ನಗಲಿಲ್ಲ. "ನಾಳೆ ನನಗೆ ಆಪರೇಷನ್ ಇದೆ ಅಂದ್ಕೊಳ್ಳಿ," ಎಂದ ಮೆಲ್ಲಗೆ. "ಇವತ್ತು ರಾತ್ರಿ ಊಟ ಮಾಡಬಹುದಾ ಬೇಡ್ವಾ ಅಂತ ತಿಳ್ಕೊಳ್ಳೋಕೆ ಈ ಪುಟಕ್ಕೆ ಬಂದಿದೀನಿ. ಅದು ಎಲ್ಲಿದೆ?"

ಹುಡುಕಿದಳು. ಒಂಬತ್ತನೆಯ ಪ್ಯಾರಾದ ಕೊನೆಯಲ್ಲಿತ್ತು.

"ಅಷ್ಟರಲ್ಲಿ ನಾನು ಉಂಡು ಕೈ ತೊಳ್ಕೊಂಡಿರ್ತೀನಿ."

ಈ ಸಲ ಎಲ್ಲರೂ ನಕ್ಕರು. ಅವಳ ಕಿವಿ ಬೆಚ್ಚಗಾಯಿತು, ಆಮೇಲೆ ಕತ್ತು, ಆಮೇಲೆ ಮುಖ. ವಿಭಾಗದ ಮುಖ್ಯಸ್ಥರು ಮಾತ್ರ ಗಂಭೀರವಾಗಿ ಗೋಡೆಯ ಕಡೆ ಕೈ ತೋರಿಸಿ, ಕೈ ತೋರಿಸಿದ್ದು ವ್ಯರ್ಥವೆಂದು ನೆನಪಾಗಿ, ನಮಗೆ 'ಎಲ್ಲರಿಗೂ ಎಟುಕುವ ಜಾಲತಾಣ' ಎಂಬ ಪ್ರಮಾಣಪತ್ರ ಬಂದಿದೆ, ಕಟ್ಟು ಹಾಕಿಸಿ ಇಲ್ಲೇ ನನ್ನ ಕೋಣೆಯಲ್ಲಿ ತೂಗುಹಾಕಿದ್ದೇವೆ ಎಂದು ಬಾಯಲ್ಲಿ ಹೇಳಿದರು.

"ಅದನ್ನ ಕೊಟ್ಟಿದ್ದು ಒಂದು ಸಾಫ್ಟ್‌ವೇರ್ ಅಲ್ವಾ ಸರ್," ಎಂದ ಅವನು. "ಅದಕ್ಕೆ ಯಾವತ್ತೂ ಕಾಯಿಲೆ ಬರಲ್ಲ."

ಆ ಸಂಜೆ ಮನೆಗೆ ಬಂದವಳೇ ಚಿಕ್ಕಮ್ಮನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಅವಳನ್ನು ಸಾಕಿದ್ದು ತಾಯಿಯ ಈ ತಂಗಿಯೇ. ಬಟ್ಟೆ ಹೊಲಿದು ಬದುಕು ಸಾಗಿಸಿದ ಹೆಂಗಸು. ಬೆಳಿಗ್ಗೆ ದೇವರಿಗೆ ಕೈ ಮುಗಿಯದೆ ಒಂದು ಗುಟುಕು ನೀರೂ ಕುಡಿಯಳು. ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಆ ಹುಡುಗ ಹೇಳಿದ್ದು ಸುಳ್ಳಾ ಪುಟ್ಟೀ?"

"ಸುಳ್ಳಲ್ಲ."

"ಮತ್ತೆ ಕೋಪ ಯಾಕೆ?"

"ಸುಳ್ಳಲ್ಲ ಅಂತಲೇ."

ಚಿಕ್ಕಮ್ಮ ನಕ್ಕು ದಾರ ಕಚ್ಚಿ ಹರಿದಳು.

ಅವನನ್ನು ಆಸ್ಪತ್ರೆಗೆ ಕಳಿಸಿದ್ದು ವೆಬ್‌ಸೈಟುಗಳನ್ನು ಪರೀಕ್ಷಿಸುವ ಒಂದು ಸಂಸ್ಥೆ. ಹಿಂದೆ ಕಂಪ್ಯೂಟರ್ ಕಲಿಸುತ್ತಿದ್ದನಂತೆ. ಅದಕ್ಕೇ ಆಫೀಸಿನವರು ಎರಡೇ ದಿನದಲ್ಲಿ ಅವನನ್ನು 'ಮೇಷ್ಟ್ರು' ಮಾಡಿಬಿಟ್ಟರು. ಮೂರು ತಿಂಗಳು ಅವಳ ಪಕ್ಕದ ಮೇಜಿನಲ್ಲೇ ಕೂತು, ಪುಟಪುಟವನ್ನೂ ಅವಳ ಜೊತೆಯೇ ತಿದ್ದಿಸಬೇಕೆಂದು ಅಪ್ಪಣೆಯಾಯಿತು.

ಮೊದಲ ವಾರ ಅವಳು ಅಗತ್ಯವಿದ್ದಷ್ಟೇ ಮಾತಾಡಿದಳು. ಅವನಿಗೆ ಅದರ ಪರಿವೆಯೇ ಇಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರನ್ನು ಹಚ್ಚಿ, ಅವಳಿಗೂ ಇಯರ್‌ಫೋನಿನ ಒಂದು ತುದಿ ಕೊಟ್ಟು, ಕಣ್ಣು ಮುಚ್ಚಿಕೊಂಡು ಕೇಳಿ ಎನ್ನುತ್ತಿದ್ದ. ಒಂದು ದಿನ ಬೇರೆ ಪುಟಕ್ಕೆ ಒಯ್ಯುವ ಲಿಂಕುಗಳನ್ನಷ್ಟೇ ಓದಿಸಿದ. "ಇಲ್ಲಿ ಒತ್ತಿ. ಇಲ್ಲಿ ಒತ್ತಿ. ಇಲ್ಲಿ ಒತ್ತಿ..." ಹನ್ನೊಂದು ಸಲ.

"ಹನ್ನೊಂದು ಜನ ಕೈ ಹಿಡಿದು ಎಳೀತಾರೆ, ಎಲ್ಲಿಗೆ ಅಂತ ಒಬ್ಬರೂ ಹೇಳಲ್ಲ," ಎಂದ. "ನಮ್ಮ ನೆಂಟರು ಕೆಲವರು ಹೀಗೇ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಕೋಪ ಎಲ್ಲಿ ಉಳಿಯುತ್ತದೆ?

ಅವನ ಕ್ರಮ ವಿಚಿತ್ರವಾಗಿತ್ತು. ಬರೆದ ಪುಟವನ್ನು ಮುಖ್ಯಸ್ಥರಿಗೆ ತೋರಿಸುವ ಮೊದಲು ಅವಳನ್ನು ನೆಲಮಾಳಿಗೆಯ ಲಾಂಡ್ರಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಹಾಸಿಗೆ ಬಟ್ಟೆ ಒಗೆಯುವ ಒಬ್ಬ ಹೆಂಗಸಿದ್ದಳು. ನಾಲ್ಕನೇ ತರಗತಿಯವರೆಗೆ ಓದಿದವಳು. ಮಡಚಿದ ಬಟ್ಟೆಯ ರಾಶಿಯ ಪಕ್ಕ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಅವಳ ಬೆರಳು ನಿಂತ ಕಡೆ ಅಕ್ಷರಮ್ಮ ಗೆರೆ ಹಾಕಿಕೊಳ್ಳಬೇಕು. "ಇದೇನಮ್ಮಾ 'ಉಪವಾಸ ಸ್ಥಿತಿಯಲ್ಲಿ ಆಗಮಿಸತಕ್ಕದ್ದು'? ಏನೂ ತಿನ್ನದೆ ಬನ್ನಿ ಅನ್ನೋದಕ್ಕೆ ಬಾಯಿ ನೋಯುತ್ತಾ?" ಎಂದು ಒಂದು ದಿನ ಗದರಿದಳು.

ಆರು ವರ್ಷ ತಾನು ಬರೆದದ್ದೆಲ್ಲ ಇವಳಂಥವರಿಗೆ ಅಲ್ಲವೇ ಅಲ್ಲ... ಮೀಟಿಂಗಿನಲ್ಲಿ ತಲೆಯಾಡಿಸುವವರಿಗೆ. ಹಾಗೆಂದು ಮನಸ್ಸಿಗೆ ಹೊಳೆದ ದಿನ ಅವಳು ಲಿಫ್ಟಿನಲ್ಲಿ ಮೌನವಾಗಿ ನಿಂತಿದ್ದಳು.

"ಯಾಕೆ ಸುಮ್ಮನಾದ್ರಿ?"

"ನಾಚಿಕೆ ಆಗ್ತಿದೆ."

"ಒಳ್ಳೇದು," ಎಂದ. ನಾಲ್ಕನೇ ಮಹಡಿಯ ಗುಂಡಿ ತಡವಿ ಒತ್ತಿ, "ನೀವು ಟೈಪ್ ಮಾಡೋದು ನನಗೆ ಕೇಳಿಸುತ್ತಲ್ಲ. ಮೊದಲೆಲ್ಲ ಮಳೆ ಸುರಿದ ಹಾಗೆ ಸುರಿಸ್ತಿದ್ರಿ. ಈಗ ನಿಲ್ಲಿಸ್ತೀರಿ, ಅಳಿಸ್ತೀರಿ, ಮತ್ತೆ ನಿಲ್ಲಿಸ್ತೀರಿ. ಆ ನಿಲ್ಲಿಸೋ ಸದ್ದು ಕೇಳೋಕೆ ನನಗೆ ತುಂಬ ಇಷ್ಟ," ಎಂದ.

ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳ ಬರವಣಿಗೆಯನ್ನು ಹೊಗಳಿದವರು ಬೇಕಾದಷ್ಟು ಜನ. ಅವಳು ಬರೆಯದೆ ನಿಂತ ಹೊತ್ತನ್ನು ಕೇಳಿ ಮೆಚ್ಚಿದವನು ಇವನೊಬ್ಬನೇ. ಲಿಫ್ಟು ನಾಲ್ಕನೇ ಮಹಡಿಗೆ ಬಂದು ಬಾಗಿಲು ತೆರೆದರೂ ಅವಳಿಗೆ ಹೊರಗೆ ಕಾಲಿಡಬೇಕೆಂದು ತೋಚಲಿಲ್ಲ.

ಆ ದಿನದಿಂದ ಅವಳು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಆಫೀಸಿಗೆ ಹೋಗತೊಡಗಿದಳು. ಚಿಕ್ಕಮ್ಮ ಏನೂ ಕೇಳಲಿಲ್ಲ. ಡಬ್ಬಿಗೆ ಇಬ್ಬರಿಗಾಗುವಷ್ಟು ಊಟ ತುಂಬತೊಡಗಿದಳು, ಅಷ್ಟೇ.

ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ಇಬ್ಬರೇ ಇದ್ದರು. ಭಾನುವಾರ ಮನೆಗೆ ಬರುತ್ತೀರಾ, ಅಕ್ಕ ನಿಮ್ಮನ್ನು ನೋಡಬೇಕು ಅಂತಿದಾಳೆ ಎಂದು ಅವನು ಕೇಳಿದ. ಕೇಳುವಾಗ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. ಬರ್ತೀನಿ ಅಂದಳು. ಆಮೇಲೆ, ಮಾತಿಗೆ ಮಾತು ಬಂದು, ಇಷ್ಟೆಲ್ಲ ಕಡೆ ಬಿಟ್ಟು ಈ ಆಸ್ಪತ್ರೆಯ ಕೆಲಸಕ್ಕೇ ಯಾಕೆ ಬಂದಿರಿ ಎಂದು ಕೇಳಿದಳು.

ಅವನು ತಡೆದು ತಡೆದು ಹೇಳಿದ. ಎರಡು ವರ್ಷದ ಹಿಂದೆ ಅವನ ಅಮ್ಮ ಇದೇ ಆಸ್ಪತ್ರೆಯ ತೀವ್ರ ನಿಗಾ ವಾರ್ಡಿನಲ್ಲಿದ್ದರು. ಅಕ್ಕ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದಳು. ಅಮ್ಮನನ್ನು ನೀನು ನೋಡಿಕೋ ಎಂದು ಹೇಳಿಯೇ ಹೋಗಿದ್ದಳು. ಭೇಟಿಯ ಸಮಯ ಎಷ್ಟೆಂದು ಅವನು ಆಸ್ಪತ್ರೆಯ ವೆಬ್‌ಸೈಟನ್ನು ಕೇಳಿದ. ನಾಲ್ಕರಿಂದ ಆರು ಎಂದಿತು. ನಾಲ್ಕಕ್ಕೆ ಸರಿಯಾಗಿ ಬಾಗಿಲ ಬಳಿ ಬಂದ. ಈ ಸೋಮವಾರದಿಂದ ಸಮಯ ಹನ್ನೊಂದರಿಂದ ಒಂದಕ್ಕೆ ಬದಲಾಗಿದೆ, ವೆಬ್‌ಸೈಟಿನಲ್ಲೇ ದೊಡ್ಡದಾಗಿ ಹಾಕಿದ್ದಾರಲ್ಲ ಎಂದು ಕಾವಲಿನವನು ಬಿಡಲಿಲ್ಲ. ಎಷ್ಟು ಕೇಳಿಕೊಂಡರೂ ಬಿಡಲಿಲ್ಲ. ಹಿಂತಿರುಗಿದ. ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಅಮ್ಮ ಹೋಗಿಬಿಟ್ಟರು.

"ಸಂಜೆಯೆಲ್ಲಾ ನನ್ನನ್ನ ಕೇಳ್ತಾ ಇದ್ರಂತೆ. ನರ್ಸು ಹೇಳಿದ್ರು."

ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಮೂರು ಸಲ ಕೇಳಿದ್ದೆ ಆ ಪುಟಾನ," ಎಂದ. "ಅಂದ್ಕೊಂಡಿದ್ದೆ, ಸರಿಯಾಗೇ ಕೇಳಿದೀನಿ ಅಂತ. ಇಲ್ಲ... ಎಲ್ಲೋ ಅವಸರದಲ್ಲಿ ಹಾರಿಸಿಬಿಟ್ಟಿದೀನಿ. ಅಕ್ಕನೂ ಅದನ್ನೇ ಅಂದಳು, ಒಂದೇ ಒಂದು ಸಲ. ನೀನು ನೆಟ್ಟಗೆ ಕೇಳಿದ್ರೆ ಅಮ್ಮ ಒಬ್ಬಳೇ ಹೋಗ್ತಿರಲಿಲ್ಲ ಅಂತ. ಆಮೇಲಿಂದ ಮನೇಲಿ ಎಲ್ಲಾ ಮಾತಾಡ್ತೀವಿ, ಅಮ್ಮನ ವಿಷಯ ಬಿಟ್ಟು. ನನ್ನ ಹಾಗೆ ಇನ್ನೊಬ್ಬರು ತಪ್ಪು ಮಾಡಬಾರದು ಅಂತ ಈ ಕೆಲಸಕ್ಕೆ ಬಂದೆ."

ಎರಡು ವರ್ಷದ ಹಿಂದೆ. ಸೋಮವಾರ. ಭೇಟಿಯ ಸಮಯ.

ಅವಳು ಕೈ ತೊಳೆಯದೆಯೇ ಎದ್ದು ತನ್ನ ಮೇಜಿಗೆ ಹೋದಳು.

ವೆಬ್‌ಸೈಟಿನ ಪ್ರತಿ ಪುಟವೂ ತನ್ನ ಹಳೆಯ ರೂಪಗಳನ್ನು ಇಟ್ಟುಕೊಂಡಿರುತ್ತದೆ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅಳಿಸಿಹೋಗುವುದಿಲ್ಲ. ತೆರೆದಳು. ಅಲ್ಲಿತ್ತು. ಮುಖ್ಯಸ್ಥರು ಕಳಿಸಿದ್ದ ಪೋಸ್ಟರು, ಮೂಲೆಗಳಲ್ಲಿ ಹೂವು, ನಡುವೆ ದಪ್ಪ ಅಕ್ಷರದಲ್ಲಿ ಹೊಸ ಸಮಯ. ಅಕ್ಷರವೆಲ್ಲ ಚಿತ್ರದೊಳಗೆ. ಕೆಳಗೆ ಪಠ್ಯದಲ್ಲಿ ಹಳೆಯ ಸಮಯವೇ. ಪೋಸ್ಟರಿದೆಯಲ್ಲ, ಎಲ್ಲರಿಗೂ ಕಾಣುತ್ತದೆ, ಆಮೇಲೆ ತಿದ್ದಿದರಾಯಿತು ಎಂದುಕೊಂಡಿದ್ದಳು. ತಿದ್ದಿದ್ದು ಎಂಟು ದಿನದ ನಂತರ.

ಚಿತ್ರದಲ್ಲಿ ಏನಿದೆಯೆಂದು ಪದಗಳಲ್ಲಿ ಬರೆದಿಟ್ಟರೆ ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ಏನೂ ಬರೆಯದಿದ್ದರೂ 'ಇಲ್ಲೊಂದು ಚಿತ್ರವಿದೆ' ಎಂದಾದರೂ ಹೇಳುತ್ತದೆ. ಕೇಳಿದವನು ಅದೇನೆಂದು ಯಾರನ್ನಾದರೂ ವಿಚಾರಿಸಬಹುದು. ಆದರೆ ಚಿತ್ರದ ಪಕ್ಕ ಇನ್ನೊಂದು ಚೌಕವಿದೆ. 'ಅಲಂಕಾರಕ್ಕೆ ಮಾತ್ರ.' ಅದಕ್ಕೆ ಗುರುತು ಹಾಕಿದರೆ ಯಂತ್ರ ಆ ಚಿತ್ರ ಇದ್ದಂತೆಯೇ ತೋರಿಸಿಕೊಳ್ಳದೆ ಮುಂದೆ ಹೋಗುತ್ತದೆ.

ಆ ಪೋಸ್ಟರಿನ ಪಕ್ಕದ ಚೌಕದಲ್ಲಿ ಗುರುತಿತ್ತು. ಅದರ ಕೆಳಗೆ ಅವಳದೇ ಹೆಸರು.

ನೆನಪು ಒಂದೇ ಸಲಕ್ಕೆ ಬಂದು ಮೇಲೆ ಬಿತ್ತು. ಅವತ್ತು ಪ್ರಮಾಣಪತ್ರಕ್ಕೆ ಕೊನೆಯ ದಿನ. ತಪಾಸಣೆಯ ಸಾಫ್ಟ್‌ವೇರ್ ಇನ್ನೂರ ಹನ್ನೆರಡು ಚಿತ್ರಗಳಿಗೆ ವಿವರಣೆ ಇಲ್ಲವೆಂದು ಕೆಂಪು ಗುರುತು ತೋರಿಸಿತ್ತು. ಸಂಜೆಯೊಳಗೆ ಎಲ್ಲಾ ಹಸಿರಾಗಬೇಕು ಎಂದಿದ್ದರು ಮುಖ್ಯಸ್ಥರು. ಒಂದೊಂದಕ್ಕೂ ವಿವರಣೆ ಬರೆಯುತ್ತ ಕೂತರೆ ಹತ್ತು ದಿನದ ಕೆಲಸ. ಅವಳು ಎಲ್ಲವನ್ನೂ ಒಟ್ಟಿಗೆ ಆರಿಸಿ, ಒಂದೇ ಏಟಿಗೆ, ಅಲಂಕಾರಕ್ಕೆ ಮಾತ್ರ ಎಂದು ಗುರುತು ಹಾಕಿದ್ದಳು. ಇನ್ನೂರ ಹನ್ನೆರಡೂ ಹಸಿರಾದವು. ಜಾಣೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಅವನು ಸರಿಯಾಗಿಯೇ ಕೇಳಿದ್ದ. ಯಂತ್ರಕ್ಕೆ ಬಾಯಿ ಮುಚ್ಚು ಎಂದಿದ್ದವಳು ತಾನು.

ಹೇಳಬೇಕು. ಈಗಲೇ ಎದ್ದು ಹೋಗಿ ಹೇಳಬೇಕು... ಎದ್ದಳು. ಊಟದ ಕೋಣೆಯ ಬಾಗಿಲವರೆಗೆ ಹೋದಳು. ಅವನು ಅವಳ ಡಬ್ಬಿಯನ್ನೂ ತೊಳೆದು, ಕೈಯಿಂದ ತಡವಿ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದ. ಅವಳು ಸದ್ದಾಗದಂತೆ ಹಿಂತಿರುಗಿದಳು.

ನಾಚಿಕೆಯಲ್ಲಿ ಎರಡು ಬಗೆ. ಒಂದು ಮನುಷ್ಯನನ್ನು ತಿದ್ದುತ್ತದೆ, ಇನ್ನೊಂದು ಬಚ್ಚಿಡುತ್ತದೆ. ಅವಳನ್ನು ಹಿಡಿದದ್ದು ಎರಡನೆಯದು. ಭಾನುವಾರ ತಲೆನೋವೆಂದು ಹೇಳಿ ಕಳಿಸಿದಳು. ಸೋಮವಾರ ಮೇಜು ಬದಲಾಯಿಸಿಕೊಂಡಳು. ತಿದ್ದಿದ ಪುಟಗಳನ್ನು ಇ-ಮೇಲಿನಲ್ಲಿ ಕಳಿಸತೊಡಗಿದಳು. ಅವನ ಕೋಲಿನ ಸದ್ದು ಮೊಗಸಾಲೆಯಲ್ಲಿ ಕೇಳಿಸಿದರೆ ಉಸಿರು ಬಿಗಿಹಿಡಿದು ಗೋಡೆಗೆ ಅಂಟಿ ನಿಲ್ಲುವಳು. ಕಣ್ಣಿಲ್ಲದವನಿಂದ ಹೀಗೆ ಅಡಗಿಕೊಳ್ಳುವುದು ಎಂಥ ಹೀನ ಕೆಲಸವೆಂದು ಗೊತ್ತಿದ್ದೂ ನಿಲ್ಲುವಳು.

ಎರಡು ವಾರ ಕಳೆದ ಮೇಲೆ ಅವನು ಮೊಗಸಾಲೆಯಲ್ಲೇ ನಿಂತ.

"ಇಲ್ಲೇ ಇದೀರಿ ಅಂತ ಗೊತ್ತು," ಎಂದ. "ಉತ್ತರ ಹೇಳಬೇಕಾಗಿಲ್ಲ. ಬೇರೆ ಆಫೀಸಿಗೆ ಹಾಕಿ ಅಂತ ಕೇಳ್ಕೊಂಡಿದೀನಿ. ಗುರುವಾರ ಕೊನೇ ದಿನ. ನನ್ನಂಥವನ ಜೊತೆ ಬಾಳೋದು ಸುಲಭ ಅಲ್ಲ ಅಂತ ನನಗೂ ಗೊತ್ತಿದೆ. ಬೇಡ ಅನ್ನಿಸಿದ್ರೆ ಅದರಲ್ಲಿ ನಾಚಿಕೆ ಪಡೋ ಅಂಥದ್ದು ಏನೂ ಇಲ್ಲ."

ಅಯ್ಯೋ, ಹಾಗಲ್ಲ ಎಂದು ಅವಳ ಒಳಗೆಲ್ಲ ಕೂಗಿತು. ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ತನ್ನ ತಪ್ಪು ಅವನ ಕಣ್ಣಿನ ಮೇಲೆ ಹೋಗಿ ಕೂತಿತ್ತು. ಮೊದಲು ಅವನ ಕಿವಿಯ ಮೇಲೆ, ಈಗ ಕಣ್ಣಿನ ಮೇಲೆ.

ಆ ಸಂಜೆ ಚಿಕ್ಕಮ್ಮ ಯಂತ್ರ ನಿಲ್ಲಿಸಿ ಅವಳ ಎದುರು ಕೂತಳು. ಎರಡು ವಾರದಿಂದ ಡಬ್ಬಿ ತುಂಬಿದಂತೆಯೇ ವಾಪಸು ಬರುತ್ತಿತ್ತು; ಕೇಳದೆ ಇನ್ನೇನು ಮಾಡುತ್ತಾಳೆ? ಅವಳು ಎಲ್ಲವನ್ನೂ ಹೇಳಿ, ಅತ್ತು, ದಿನಾ ದೇವರ ಹತ್ತಿರ ಕ್ಷಮಿಸು ಅಂತ ಬೇಡ್ತಿದೀನಿ ಎಂದಳು.

ತೀರಿಹೋದ ಅಕ್ಕನ ಹಾಸಿಗೆಯ ಪಕ್ಕ ತಾನು ಕೂತಿದ್ದ ಕೊನೆಯ ದಿನ ಚಿಕ್ಕಮ್ಮನಿಗೆ ನೆನಪಾಗಿರಬೇಕು.

"ದೇವರಿಗೆ ಮೊದಲೇ ಗೊತ್ತಿರೋದನ್ನ ಹೇಳೋಕೆ ಏನು ಕಷ್ಟ ಪುಟ್ಟೀ," ಎಂದಳು. "ಆ ಮಗು ಎರಡು ವರ್ಷದಿಂದ ತಾಯಿಗೆ ತಾನೇ ದ್ರೋಹ ಮಾಡಿದೆ ಅಂದ್ಕೊಂಡಿದೆ. ಅದನ್ನ ಇಳಿಸೋದು ನಿನ್ನೊಬ್ಬಳ ಕೈಲಿದೆ. ಇಳಿಸು. ಆಮೇಲೆ ಅವನು ನಿನ್ನ ಮುಖ ನೋಡಲ್ಲ ಅಂದ್ರೆ ಅದು ನಿನ್ನ ಪಾಲಿಂದು, ಅನುಭವಿಸು."

ಕಾಣದವನು ಮುಖ ನೋಡಲ್ಲ ಎಂದದ್ದು ಆಮೇಲೆ ಹೊಳೆದು ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಇಬ್ಬರಿಗೂ ಅಳುವಿನ ನಡುವೆಯೇ ಒಂಚೂರು ನಗು ಬಂತು.

ಗುರುವಾರ ಬೆಳಿಗ್ಗೆ ಅವನು ಚೀಲ ಕಟ್ಟಿಕೊಂಡು ಪುಟಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಕೂತಿದ್ದ. ಅವಳು ಬಾಗಿಲು ಹಾಕಿಕೊಂಡಳು. ಹತ್ತು ನಿಮಿಷ ಕೊಡಿ ಅಂದಳು. ಲ್ಯಾಪ್‌ಟಾಪ್ ತೆರೆದು, ಎರಡು ವರ್ಷದ ಹಿಂದಿನ ಆ ಪುಟವನ್ನು ಸ್ಕ್ರೀನ್ ರೀಡರಿನಿಂದ ಓದಿಸಿದಳು.

"ರೋಗಿಗಳ ಭೇಟಿ. ಭೇಟಿಯ ಸಮಯ: ಸಂಜೆ ನಾಲ್ಕರಿಂದ ಆರು. ಒಬ್ಬರಿಗೆ ಮಾತ್ರ ಪ್ರವೇಶ."

ಅವನ ಬೆನ್ನು ನೆಟ್ಟಗಾಯಿತು. "ಇದು ಆ..."

"ಹೌದು. ಅವತ್ತು ನೀವು ಕೇಳಿದ ಪುಟ." ಅವಳು ಆ ಚೌಕದ ಗುರುತನ್ನು ತೆಗೆದಳು. ಪೋಸ್ಟರಿನಲ್ಲಿದ್ದ ಮಾತುಗಳನ್ನು ವಿವರಣೆಯ ಜಾಗದಲ್ಲಿ ಬರೆದಳು. ಬರೆದು, ಅಳಿಸಿ, ಮತ್ತೆ ಬರೆದು, ಒಂದು ಸಾಲಿಗೆ ಮೂರು ನಿಮಿಷ ಬೇಕಾಯಿತು. ಮತ್ತೆ ಓದಿಸಿದಳು.

"ರೋಗಿಗಳ ಭೇಟಿ. ಚಿತ್ರ: ಸೂಚನೆ. ಈ ಸೋಮವಾರದಿಂದ ಭೇಟಿಯ ಸಮಯ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದು."

ಹೊರಗೆ ಎಲ್ಲೋ ಗಾಲಿಕುರ್ಚಿಯೊಂದು ಕಿರುಗುಟ್ಟುತ್ತ ಹೋಯಿತು.

"ಇನ್ನೊಂದು ಸಲ," ಎಂದ ಅವನು.

ಓದಿಸಿದಳು.

"ಇನ್ನೊಂದು ಸಲ."

ಮೂರನೆಯ ಸಲ ಮುಗಿದ ಮೇಲೆ ಅವಳು ಹೇಳಿದಳು. ಕೆಂಪು ಗುರುತುಗಳನ್ನು, ಪ್ರಮಾಣಪತ್ರವನ್ನು, ಒಂದೇ ಏಟಿಗೆ ಹಾಕಿದ ಗುರುತನ್ನು, ತಿದ್ದದೆ ಬಿಟ್ಟ ಎಂಟು ದಿನವನ್ನು. ಏನನ್ನೂ ಅಲಂಕರಿಸದೆ, ಯಾರ ಮೇಲೂ ಹಾಕದೆ ಹೇಳಿದಳು. "ಯಂತ್ರ ಸುಮ್ಮನಿತ್ತು. ಸುಮ್ಮನಿರು ಅಂತ ಅದಕ್ಕೆ ಹೇಳಿದ್ದು ನಾನು. ನೀವು ಏನನ್ನೂ ಹಾರಿಸಿರಲಿಲ್ಲ."

"ಸರಿಯಾಗೇ ಕೇಳಿದ್ದೆ," ಎಂದ ಅವನು. ತನಗೆ ತಾನೇ ಹೇಳಿಕೊಂಡಂತಿತ್ತು. "ಮೂರು ಸಲವೂ ಸರಿಯಾಗೇ ಕೇಳಿದ್ದೆ." ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅವಳಿಗೆ ಕೈ ಚಾಚುವ ಧೈರ್ಯವಾಗಲಿಲ್ಲ.

ಕೈ ತೆಗೆದು ಕೇಳಿದ. "ನಿಮಗೆ ಯಾವತ್ತು ಗೊತ್ತಾಯ್ತು?"

"ನೀವು ಊಟದ ಕೋಣೇಲಿ ಹೇಳಿದ ದಿನ. ಹದಿನೇಳು ದಿನ ಆಯ್ತು."

"ಹದಿನೇಳು ದಿನ." ಅವನು ಎದ್ದು ಚೀಲ ಹೆಗಲಿಗೇರಿಸಿದ. "ಎರಡು ವರ್ಷದ ಹಿಂದಿನದು ಗೊತ್ತಿಲ್ಲದೆ ಮಾಡಿದ್ದು. ಈ ಹದಿನೇಳು ದಿನ... ಗೊತ್ತಿದ್ದು ಮಾಡಿದ್ದು."

ಕೋಲಿನ ಸದ್ದು ಮೊಗಸಾಲೆಯ ಕೊನೆಯವರೆಗೂ ಹೋಗಿ ನಿಂತಿತು.

ಅಳುತ್ತ ಕೂರಲು ಅವಳಿಗೆ ಮನಸ್ಸಾಗಲಿಲ್ಲ. ನೇರ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಪೂರ್ತಿ ಕೇಳಿ, ಆದದ್ದಾಯಿತು, ಸದ್ದಿಲ್ಲದೆ ತಿದ್ದಿಬಿಡಿ ಎಂದರು. ಇಲ್ಲ, ಪುಟದಲ್ಲೇ ಒಪ್ಪಿಕೊಳ್ಳಬೇಕು, ಆ ಎಂಟು ದಿನ ಬಾಗಿಲ ತನಕ ಬಂದು ಹಿಂತಿರುಗಿದವರು ಇನ್ನೂ ಎಷ್ಟು ಜನರಿದ್ದಾರೋ ಎಂದಳು. ಆಸ್ಪತ್ರೆಯ ಮರ್ಯಾದೆ ಏನಾಗಬೇಕು ಎಂದು ಅವರು ರೇಗಿದರು. ಅವಳು ಗೋಡೆಯ ಮೇಲಿನ ಪ್ರಮಾಣಪತ್ರವನ್ನು ತೆಗೆದು ಅವರ ಮೇಜಿನ ಮೇಲೆ ಮಗುಚಿ ಇಟ್ಟಳು. ಮೂರು ದಿನ ಮೇಲಿನವರ ಜೊತೆ ಮಾತುಕತೆ ನಡೆಯಿತು. ಅವಳಿಗೆ ಬರಹದಲ್ಲಿ ಎಚ್ಚರಿಕೆ ಬಂತು, ಬಡ್ತಿ ನಿಂತಿತು. ಒಪ್ಪಿಗೆಯೂ ಬಂತು.

ಬರೆದ ಸೂಚನೆಯನ್ನು ಅಭ್ಯಾಸದಂತೆ ಲಾಂಡ್ರಿಗೆ ಒಯ್ದಳು. ಹೆಂಗಸು ಬೆರಳಿಟ್ಟು ಓದಿದಳು.

"ಎರಡು ವರ್ಷದ ಹಿಂದೆ ಈ ಪುಟದಲ್ಲಿ ಭೇಟಿಯ ಹೊಸ ಸಮಯವನ್ನು ಚಿತ್ರದಲ್ಲಿ ಮಾತ್ರ ಹಾಕಿದ್ದೆವು. ಕೇಳಿ ತಿಳಿದುಕೊಳ್ಳುವವರಿಗೆ ಅದು ಸಿಗಲಿಲ್ಲ. ಕೆಳಗೆ ಹಳೆಯ ಸಮಯವೇ ಎಂಟು ದಿನ ಉಳಿದಿತ್ತು. ಅದನ್ನು ನಂಬಿ ಬಂದವರಿಗೆ ತಮ್ಮವರನ್ನು ನೋಡಲು ಆಗಲಿಲ್ಲ. ತಪ್ಪು ಕೇಳಿದವರದಲ್ಲ. ತಪ್ಪು ನಮ್ಮದು."

ಬೆರಳು ಎಲ್ಲೂ ನಿಲ್ಲಲಿಲ್ಲ.

"ಎಲ್ಲಾ ಅರ್ಥ ಆಯ್ತು," ಎಂದಳು ಹೆಂಗಸು. "ಯಾರಮ್ಮಾ ಆ ಪಾಪಿ?"

"ನಾನೇ."

ಹೆಂಗಸು ಅವಳ ಮುಖ ನೋಡಿದಳು. ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಮತ್ತೆ 'ನಮ್ಮದು' ಅಂತ ಯಾಕೆ ಬರೆದಿದೀಯ? ನನ್ನ ಕೈವಾಡನೂ ಇತ್ತಾ ಇದರಲ್ಲಿ?"

ಅವಳು ಪೆನ್ನು ತೆಗೆದು ಕೊನೆಯ ಮಾತನ್ನು ಹೊಡೆದುಹಾಕಿದಳು. 'ತಪ್ಪು ಈ ಪುಟ ಬರೆದವಳದು' ಎಂದು ಬರೆದಳು.

ಆಮೇಲೆ ಉಳಿದ ಚಿತ್ರಗಳನ್ನು ತೆರೆದಳು. ಇನ್ನೂರ ಹನ್ನೊಂದು. ಒಂದೊಂದನ್ನೂ ನೋಡಿ, ಅದರಲ್ಲೇನಿದೆಯೋ ಅದನ್ನೇ ಬರೆಯುತ್ತ ಹೋದಳು. ದಿನಗಳು ಸರಿದವು. ಅವನಿಂದ ಮಾತಿಲ್ಲ, ಸುದ್ದಿಯಿಲ್ಲ. ಬರಲೆಂದು ಕಾಯುವ ಹಕ್ಕು ತನಗಿಲ್ಲವೆಂದು ತಿಳಿದಿದ್ದಳು. ತಿಳಿದಿದ್ದರೂ ಮೊಗಸಾಲೆಯಲ್ಲಿ ಯಾರ ಹೆಜ್ಜೆಯಾದರೂ ಅವಳ ಬೆರಳು ಕೀಲಿಯ ಮೇಲೆ ನಿಲ್ಲುತ್ತಿತ್ತು.

ಹನ್ನೊಂದನೆಯ ದಿನ ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಅವನು ಬಂದು ಪಕ್ಕದ ಖಾಲಿ ಕುರ್ಚಿಯನ್ನು ಎಳೆದುಕೊಂಡು ಕೂತ.

ಅವಳು ಕೀಲಿಯಿಂದ ಬೆರಳು ತೆಗೆದಳು.

"ಯಾವ ಚಿತ್ರ ಅದು?" ಎಂದ.

"ಒಬ್ಬ ಮುದುಕ, ಒಬ್ಬ ನರ್ಸು," ಎಂದಳು. "ಮುದುಕ ನಡಿಗೆ ಕಲೀತಿದಾನೆ. ನರ್ಸು ಕೈ ಹಿಡಿದಿಲ್ಲ. ಬಿದ್ರೆ ಹಿಡಿಯೋಷ್ಟು ಹತ್ತಿರ ನಿಂತಿದಾಳೆ."

ಅವನು ಆ ಚಿತ್ರವನ್ನು ಮನಸ್ಸಿನಲ್ಲಿ ನೋಡಿದ.

"ಕೋಪ ಇನ್ನೂ ಇದೆ," ಎಂದ. "ಸುಳ್ಳು ಹೇಳಲ್ಲ. ಹೊಸ ಆಫೀಸಿನಲ್ಲಿ ಕೂತ್ಕೊಂಡು ದಿನಾ ನಿಮ್ಮನ್ನ ಬೈಕೋತೀನಿ. ಬೈದು ಮುಗಿದ ಮೇಲೆ, ಇದನ್ನೆಲ್ಲಾ ಅವರಿಗೇ ಹೋಗಿ ಹೇಳಬೇಕು ಅನ್ನಿಸುತ್ತೆ. ಬೇರೆ ಯಾರಿಗೂ ಅಲ್ಲ. ಬರೆಯೋರು ನೀವು, ಹೇಳಿ. ಇದಕ್ಕೆ ಏನಂತಾರೆ?"

ಆರು ವರ್ಷದ ಅನುಕಂಪ, ಅಮೃತಧಾರೆಗಳೆಲ್ಲ ಎಲ್ಲಿ ಹೋದವೋ! ಅವಳಿಗೆ ಸಿಕ್ಕಿದ್ದು ಒಂದೇ ಪದ.

"ಪ್ರೀತಿ ಅಂತಾರೆ," ಎಂದಳು ತಲೆ ತಗ್ಗಿಸಿ. "ನನಗೂ ಅದೇ ಆಗಿದೆ. ಹೇಳೋ ಯೋಗ್ಯತೆ ಇಲ್ಲ, ಅದಕ್ಕೆ ಹೇಳಲಿಲ್ಲ."

ಅವನ ಕೈ ಮೇಜಿನ ಮೇಲೆ ನಿಧಾನವಾಗಿ ಸರಿದು ಬಂದು ಅವಳ ಬೆರಳುಗಳನ್ನು ಮುಟ್ಟಿ, ಅಲ್ಲೇ ನಿಂತಿತು.

"ಆ ಸೂಚನೆ ಕೇಳಿದೆ. ಅಕ್ಕನಿಗೂ ಕೇಳಿಸಿದೆ," ಎಂದ. "ಅವಳು ನಂಬಲಿಲ್ಲ. ನಿನ್ನ ಸಮಾಧಾನಕ್ಕೆ ಯಾರೋ ಬರೆದಿದಾರೆ ಅಂದಳು. ಭಾನುವಾರ ಬನ್ನಿ. ಅವಳ ಎದುರು ಕೂತು, ನನಗೆ ಹೇಳಿದ ಹಾಗೇ ಹೇಳಿ. ಅಮ್ಮನ ಮಾತು ನಮ್ಮ ಮನೇಲಿ ಮತ್ತೆ ಶುರುವಾಗಬೇಕು."

ಒಬ್ಬನಿಗೆ ಹೇಳುವುದಕ್ಕೇ ಪ್ರಾಣ ಹೋಗಿತ್ತು. ಈಗ ಅವನ ಅಕ್ಕನ ಕಣ್ಣಿಗೆ ಕಣ್ಣು ಕೊಟ್ಟು...

"ಬರ್ತೀನಿ," ಎಂದಳು. ಆಮೇಲೆ, "ಅವರು ಬೈದರೆ?"

"ಬೈತಾಳೆ. ಚೆನ್ನಾಗೇ ಬೈತಾಳೆ."

"ಹೊರಗೆ ಹೋಗು ಅಂತ ಬಾಗಿಲು ಹಾಕ್ಕೊಂಡರೆ?"

"ಬಾಗಿಲ ಮುಂದೆ ಮೂರು ಮೆಟ್ಟಿಲಿದೆ," ಎಂದು ಅವನು ಅವಳ ಕೈಯನ್ನು ಪೂರ್ತಿಯಾಗಿ ಹಿಡಿದುಕೊಂಡ. "ಅವಳು ತೆಗೆಯೋ ತನಕ ಇಬ್ಬರೂ ಅಲ್ಲೇ ಕೂತಿರೋಣ."